ಲಗ್ನಪತ್ರಿಕೆಯ ಹಿಂದಿನ ಬಸ್ಸಿನ ಪಟ್ಟಿ

ಮಗಳು ತನ್ನ ಮದುವೆ ಮನೆಯ ಅಂಗಳದಲ್ಲೇ ಆಗಬೇಕು ಎಂದು ಹೇಳಿದಾಗ ನಾನು ಹಲ್ಲುಜ್ಜುತ್ತಿದ್ದೆ. ಬಾಯಲ್ಲಿ ನೊರೆ ತುಂಬಿದ್ದರಿಂದ ಆ ಕ್ಷಣಕ್ಕೆ ಬೈಯಲು ಆಗಲಿಲ್ಲ. ಬಾಯಿ ಮುಕ್ಕಳಿಸಿ ಬರುವಷ್ಟರಲ್ಲಿ ಸಿಟ್ಟು ಇಳಿದು, ಅಂಗಳದಲ್ಲಿ ಎಷ್ಟು ಜನ ಹಿಡಿಸುತ್ತಾರೆ ಎಂದು ಅಂದಾಜು ಮಾಡತೊಡಗಿದ್ದೆ. ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನಿಗೆ ಯಾವ ಜಾಗ ಕಂಡರೂ ಮೊದಲು ಹೊಳೆಯುವುದು ಅದೇ. ಕೂತವರೆಷ್ಟು, ನಿಂತವರೆಷ್ಟು. ಮಾವಿನ ಗಿಡದ ಬುಡದಿಂದ ತಲೆಬಾಗಿಲಿನವರೆಗೆ ಹೆಜ್ಜೆ ಹಾಕಿ ನೋಡಿದೆ. ಒತ್ತಿ ಕೂಡ್ರಿಸಿದರೆ ಮುನ್ನೂರು ಮಂದಿಗೆ ಏನೂ ತೊಂದರೆಯಿಲ್ಲ. ಒಳಗೆ ನಡೆಯಿರಿ, ಒಳಗೆ ನಡೆಯಿರಿ ಎಂದು ಕೂಗಲು ಒಬ್ಬ ಬೇಕು, ಅದಕ್ಕೆ ನಾನು ಇದ್ದೇ ಇದ್ದೇನೆ.

ನಮ್ಮ ಮನೆ ಹಾನಗಲ್ಲಿನ ಅಂಚಿನಲ್ಲಿದೆ. ಮಗಳು ಶಿಗ್ಗಾಂವಿಯ ಒಂದು ಆಸ್ಪತ್ರೆಯಲ್ಲಿ ನರ್ಸು. ಅವಳನ್ನು ಮೆಚ್ಚಿದ ಹುಡುಗ ಅಲ್ಲಿಯೇ ರಕ್ತ ಪರೀಕ್ಷೆ ಮಾಡುವವನು, ಅದೇ ಊರಿನವನು. ಮಾತು ಕಡಿಮೆ, ನಗು ಹೆಚ್ಚು. ಅವನ ಮನೆಯವರು ಮದುವೆ ಎಲ್ಲಿ ಮಾಡಿದರೂ ನಮಗೆ ಒಪ್ಪಿಗೆ, ಊಟ ಮಾತ್ರ ಬಿಸಿಯಾಗಿರಲಿ ಎಂದಿದ್ದರು. ಮಗಳ ಮಾತು ಬೇರೆ. ಕಲ್ಯಾಣ ಮಂಟಪದ ಮದುವೆಗಳನ್ನು ಕಂಡು ಅವಳಿಗೆ ಸಾಕಾಗಿತ್ತು. ಅಲ್ಲಿ ಬಂದವರು ಸಾಲಿನಲ್ಲಿ ನಿಂತು ಫೋಟೋ ತೆಗೆಸಿಕೊಂಡು, ಉಂಡು, ಚಪ್ಪಲಿ ಹುಡುಕಿಕೊಂಡು ಹೋಗಿಬಿಡುತ್ತಾರೆ. ತನ್ನ ಮದುವೆಯಲ್ಲಿ ಗುರುತಿನವರೇ ಅಡುಗೆ ಮಾಡಬೇಕು, ಗುರುತಿನವರೇ ಬಡಿಸಬೇಕು, ಬಂದವರು ಸಂಜೆಯತನಕ ಗಿಡದ ಕೆಳಗೆ ಕೂತು ಹರಟೆ ಹೊಡೆಯಬೇಕು ಎಂಬುದು ಅವಳ ಆಸೆ. ಇದನ್ನೆಲ್ಲ ಹೇಳಿ ಮುಗಿಸಿ, ಹೋಗುತ್ತಾ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದಳು.

"ಮದ್ಲಿನ ಅಕ್ಕಿಕಾಳು ಆಯಿನ ಹಾಕಬೇಕಪ್ಪಾ. ಆಯಿ ಬರ್ಲಿಲ್ಲಂದ್ರ ನಾ ತಾಳಿಗೆ ಕೊಳ್ಳ ಕೊಡಂಗಿಲ್ಲ."

ಆಯಿ ಎಂದರೆ ಅವಳ ತಾಯಿಯ ತಾಯಿ, ನನ್ನ ಅತ್ತೆ. ಬರೀ ಹೆಂಡತಿಯ ತಾಯಿಯಲ್ಲ, ನನ್ನ ಅಪ್ಪನ ಒಡಹುಟ್ಟಿದ ತಂಗಿ ಕೂಡ. ಸೋದರತ್ತೆಯ ಮಗಳನ್ನೇ ನಾನು ಮಾಡಿಕೊಂಡಿದ್ದೆ. ಅವರ ಮನೆತನದಲ್ಲಿ ಒಂದು ರೂಢಿಯಿದೆ. ಮದುವೆಯಲ್ಲಿ ತಾಳಿ ಕಟ್ಟುವಾಗ ಮೊದಲ ಅಕ್ಕಿಕಾಳನ್ನು, ಅಂದರೆ ಅಕ್ಷತೆಯನ್ನು, ಮನೆಯ ಎಲ್ಲರಿಗಿಂತ ಹಿರಿಯ ಹೆಣ್ಣುಮಗಳು ತನ್ನ ಮನೆಯ ಅಕ್ಕಿಯಿಂದಲೇ ಹಾಕಬೇಕು, ಉಳಿದವರೆಲ್ಲ ಆಮೇಲೆ. ನನ್ನ ಮದುವೆಯಲ್ಲಿ ಅದನ್ನು ಹಾಕಿದ್ದು ಅತ್ತೆಯ ಅತ್ತೆ. ಈಗ ಆ ಸರದಿ ಅತ್ತೆಯದು. ಆದರೆ ಅತ್ತೆ ನನ್ನ ಮನೆಯ ಹೊಸ್ತಿಲು ತುಳಿದು ಹತ್ತು ವರ್ಷವಾಗಿತ್ತು.

ಯಾಕೆ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಅತ್ತೆಯ ಊರು ಚಿಕ್ಕೇರೂರಿನ ಆಚೆ, ಹಿರೇಕೆರೂರ ದಾರಿಯಲ್ಲಿ ಒಂದು ಕ್ರಾಸಿನಿಂದ ಒಳಗೆ. ರಾತ್ರಿ ಹಳ್ಳಿಯಲ್ಲೇ ತಂಗಿ ಬೆಳಗ್ಗೆ ಹೊರಡುವ ಬಸ್ಸಿಗೆ ನಾವು ವಸ್ತಿ ಬಸ್ಸು ಎನ್ನುತ್ತೇವೆ. ಆ ಕಡೆಯ ವಸ್ತಿ ಬಸ್ಸಿನ ಡ್ಯೂಟಿ ವರ್ಷಗಟ್ಟಲೆ ನನ್ನದೇ ಆಗಿತ್ತು. ಹತ್ತು ವರ್ಷದ ಹಿಂದೆ ಹೆಂಡತಿ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮಲಗಿದ್ದಳು. ಡಾಕ್ಟರು ಮನೆಯವರನ್ನೆಲ್ಲ ಕರೆಸಿ ಎಂದಿದ್ದರು. ರಾತ್ರಿ ವಸ್ತಿಗೆ ಬಂದವನು ಅತ್ತೆಗೆ, ಬೆಳಗ್ಗೆ ಕ್ರಾಸಿಗೆ ಬಂದು ನಿಲ್ಲು, ನನ್ನ ಬಸ್ಸಿನಲ್ಲೇ ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿ ಕಳಿಸಿದೆ. ಆ ಬೆಳಗ್ಗೆ ಪರೀಕ್ಷೆಯ ದಿನ. ಸಾಲಿ ಮಕ್ಕಳು ಬಾಗಿಲಿಗೆ ಜೋತುಬಿದ್ದಿದ್ದರು. ನಾನು ಹಿಂದೆ ಟಿಕೆಟು ಹರಿಯುತ್ತಿದ್ದೆ. ಕ್ರಾಸು ಬಂತು, ಬಸ್ಸು ನಿಂತಿತು, ಯಾರೋ ಇಬ್ಬರು ಇಳಿದರು. ಜನರ ನಡುವೆ ನನಗೆ ಹೊರಗಿನದು ಏನೂ ಕಾಣಲಿಲ್ಲ. ರೂಢಿಯ ಮೇಲೆ ಸೀಟಿ ಬಾಯಿಗೆ ಹೋಯಿತು. ಒಂದು ಸೀಟಿಯೆಂದರೆ ನಿಲ್ಲಿಸು, ಎರಡೆಂದರೆ ಹೊರಡು. ನಾನು ಎರಡು ಹೊಡೆದೆ.

ತಿಳವಳ್ಳಿಯಲ್ಲಿ ಮಕ್ಕಳೆಲ್ಲ ಇಳಿದು ಬಸ್ಸು ಖಾಲಿಯಾದಾಗ ನೋಡಿದರೆ ಅತ್ತೆ ಒಳಗಿರಲಿಲ್ಲ. ಅವಳು ಕೈ ಎತ್ತಿಕೊಂಡೇ ಬಸ್ಸಿನ ಹಿಂದೆ ಓಡಿದಳೆಂದು ಆಮೇಲೆ ಯಾರೋ ಹೇಳಿದರು. ಆಗ ಅವಳ ಬಳಿ ಫೋನಿರಲಿಲ್ಲ. ಹೆಂಡತಿ ಅವತ್ತು ಮಧ್ಯಾಹ್ನ ಎರಡಕ್ಕೆ ಹೋದಳು. ಅತ್ತೆ ಬಂದು ಮುಟ್ಟಿದ್ದು ಸಂಜೆ ಐದಕ್ಕೆ. ನಮ್ಮ ಹಿಂದೆ ಒಂದು ತಾಸಿಗೆ ಇನ್ನೊಂದು ಬಸ್ಸಿತ್ತು, ಅದು ಸಿಕ್ಕಿದ್ದರೆ ಮಗಳ ಮುಖ ನೋಡುತ್ತಿದ್ದಳು. ಅದು ಯಾಕೆ ಸಿಗಲಿಲ್ಲ ಎಂದು ಕೇಳುವ ಧೈರ್ಯ ನನಗೆ ಆಗಲೇ ಇಲ್ಲ. ಅತ್ತೆಯೂ ನನ್ನನ್ನು ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ದಿನಕರ್ಮವೆಲ್ಲ ಮುಗಿದ ಮೇಲೆ ಊರಿಗೆ ಹೋದವಳು ಮತ್ತೆ ನಮ್ಮ ಮನೆಗೆ ಬರಲಿಲ್ಲ. ಮೊಮ್ಮಗಳು ಹೋದರೆ ತಲೆಗೆ ಎಣ್ಣೆ ಹಚ್ಚಿ, ಬೆಣ್ಣೆ ಕಟ್ಟಿ ಕಳಿಸುತ್ತಿದ್ದಳು. ನಾನು ಹೋದರೆ ಚಹಾ ಕೊಡುತ್ತಿದ್ದಳು. ಅಷ್ಟೇ.

ಆದ್ದರಿಂದ ಮಗಳ ಮದುವೆ ಎಂದರೆ ನನಗೆ ಒಂದು ಕಡೆ ಖುಷಿ, ಇನ್ನೊಂದು ಕಡೆ ಅತ್ತೆಯನ್ನು ಕರೆಯುವ ಅಂಜಿಕೆ. ಖುಷಿಯ ಕೆಲಸ ಮೊದಲು ಮಾಡೋಣ ಎಂದು ದೋಸ್ತರಿಗೆ ಫೋನು ಹಚ್ಚಿದೆ.

ನನ್ನ ದೋಸ್ತರು ಎಂದರೆ ಡಿಪೋದ ದೋಸ್ತರು, ಮೂವರು. ಒಬ್ಬ ನನ್ನ ಡ್ರೈವರ್, ಸವಣೂರಿನವನು. ಹದಿನೆಂಟು ವರ್ಷ ಒಂದೇ ಬಸ್ಸಿನಲ್ಲಿ ಅವನು ಮುಂದೆ, ನಾನು ಹಿಂದೆ. ಹೆಂಡತಿಗಿಂತ ಹೆಚ್ಚು ಅವನ ಜೊತೆ ಜಗಳಾಡಿದ್ದೇನೆ. ಆ ಪರೀಕ್ಷೆಯ ದಿನವೂ ಸ್ಟಿಯರಿಂಗ್ ಹಿಡಿದವನು ಅವನೇ. ಇನ್ನೊಬ್ಬ ಡಿಪೋದ ಕ್ಯಾಂಟೀನ್ ನಡೆಸುತ್ತಿದ್ದವನು, ಶಿಗ್ಗಾಂವಿ ಕಡೆಯವನು. ನೂರು ಜನಕ್ಕೆ ಕಡಿಮೆ ಅಡುಗೆ ಮಾಡಲು ಅವನಿಗೆ ಬರುವುದೇ ಇಲ್ಲ. ಮೂರನೆಯವನು ಬಂಕಾಪುರದ ಮೆಕ್ಯಾನಿಕ್. ತಂತಿ, ನಟ್ಟು ಬಿಗಿಯುವ ಪಾನಾ, ಹಳೆಯ ಟ್ಯೂಬು ಇಷ್ಟಿದ್ದರೆ ಏನನ್ನು ಬೇಕಾದರೂ ನಿಲ್ಲಿಸುತ್ತಾನೆ. ನಾವೆಲ್ಲ ಹಿಂದೆ ಮುಂದೆ ನಿವೃತ್ತರಾದವರು. ಅವರ ಮನೆಗಳಲ್ಲಿ ಹೆಂಡತಿಯರು ಇವರಿಗೊಂದು ಕೆಲಸ ಸಿಗಲಪ್ಪ ಎಂದು ದೇವರಿಗೆ ಹರಕೆ ಹೊರುವ ಹೊತ್ತು. ಮದುವೆಯ ಸುದ್ದಿ ಹೇಳಿದ ಮರುದಿನವೇ ಮೂವರೂ ನಮ್ಮ ಕಟ್ಟೆಯ ಮೇಲೆ ಹಾಜರಿದ್ದರು.

ಮದುವೆಯನ್ನು ನಾವು ಡಿಪೋದವರು ಹೇಗೆ ಮಾಡಬೇಕೋ ಹಾಗೆ ಮಾಡಿದೆವು. ಮಗಳ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಡ್ಯೂಟಿ ಚಾರ್ಟು ಬರೆದೆವು. ಹಂದರ, ದೀಪ, ಮೈಕು ಮೆಕ್ಯಾನಿಕನದು. ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ, ಅನ್ನ, ಸಾರು ಕ್ಯಾಂಟೀನಿನವನದು. ರೊಟ್ಟಿ ಓಣಿಯ ಹೆಣ್ಣುಮಕ್ಕಳದು, ಮನೆಗೊಂದು ಬುಟ್ಟಿ. ಎಲೆ ಅಡಿಕೆ ಮತ್ತು ಸಂಚಾರ ಡ್ರೈವರನದು, ಏಕೆಂದರೆ ಸವಣೂರಿನ ಎಲೆಯನ್ನು ಬಿಟ್ಟು ಬೇರೆ ಎಲೆಯನ್ನು ಅವನು ಎಲೆಯೆಂದೇ ಒಪ್ಪುವುದಿಲ್ಲ. ನಾನು ಉಸ್ತುವಾರಿ. ಪಂಕ್ತಿ ಕೂರಿಸಲು ನನ್ನ ಹಳೆಯ ಸೀಟಿ ಬಳಸುತ್ತೇನೆ, ಒಂದು ಸೀಟಿಗೆ ಕೂಡ್ರಬೇಕು, ಎರಡು ಸೀಟಿಗೆ ಏಳಬೇಕು ಎಂದು ಹೇಳಿ ಹೊಡೆದು ತೋರಿಸಿದೆ. ಮಗಳು ಒಳಗಿನಿಂದ ಬಂದು ಸೀಟಿಯನ್ನು ಕಸಿದುಕೊಂಡಳು. ಮದುವೆ ಮುಗಿಯುವತನಕ ಇದು ನಿನ್ನ ಬಾಯಲ್ಲಿ ಕಾಣಬಾರದು ಎಂದು ತಾಕೀತು ಮಾಡಿ, ಆಮೇಲೆ ನನ್ನ ಮುಖ ನೋಡಿ ಕರುಣೆ ಬಂದು, ಕಿಸೆಯಲ್ಲಿ ಬೇಕಾದರೆ ಇಟ್ಟುಕೋ ಎಂದು ತಿರುಗಿ ಕೊಟ್ಟಳು.

ಲಗ್ನಪತ್ರಿಕೆಯನ್ನು ಮಗಳೇ ಕೈಯಲ್ಲಿ ಬರೆದು, ಮಾವಿನ ಎಲೆಯ ಚಿತ್ರ ಬಿಡಿಸಿ, ಝೆರಾಕ್ಸ್ ತೆಗೆಸಿದ್ದಳು. ನೋಡಲು ಚೆಂದವಿತ್ತು. ಆದರೆ ಹಿಂಬದಿ ಖಾಲಿ. ಖಾಲಿ ಜಾಗ ಕಂಡರೆ ನಮಗೆ ಸುಮ್ಮನಿರಲು ಆಗುವುದಿಲ್ಲ. ಬರುವವರ ಅನುಕೂಲಕ್ಕೆ ಬಸ್ಸಿನ ವೇಳಾಪಟ್ಟಿ ಬರೆಯೋಣ ಎಂದೆ. ಮಗಳು ನಕ್ಕಳು. ಈಗ ಎಲ್ಲರೂ ಫೋನಿನಲ್ಲೇ ದಾರಿ ನೋಡಿಕೊಂಡು ಬರುತ್ತಾರೆ ಎಂದಳು. ನಾವು ನಾಲ್ವರೂ ಅವಳನ್ನು ಎಷ್ಟು ನೊಂದುಕೊಂಡು ನೋಡಿದೆವೆಂದರೆ, ಬರೆಯಿರಿ ಎಂದು ಕೈಮುಗಿದು ಒಳಗೆ ಹೋದಳು.

ಆ ಮಧ್ಯಾಹ್ನದ ಸಡಗರ ಈಗಲೂ ಕಣ್ಣಿಗೆ ಕಟ್ಟಿದೆ. ಸವಣೂರಿನಿಂದ ಎಷ್ಟು ಗಂಟೆಗೆ, ಶಿಗ್ಗಾಂವಿಯಿಂದ ಬಂಕಾಪುರದ ಮೇಲೆ ಎಷ್ಟಕ್ಕೆ, ರಟ್ಟೀಹಳ್ಳಿಯವರು ಹಿರೇಕೆರೂರಿನಲ್ಲಿ ಇಳಿದು ಯಾವುದನ್ನು ಹಿಡಿಯಬೇಕು, ಒಬ್ಬ ಹೇಳಿದ್ದನ್ನು ಇನ್ನೊಬ್ಬ ತಿದ್ದುತ್ತಿದ್ದ. ಐದು ನಿಮಿಷದ ಸಲುವಾಗಿ ಡ್ರೈವರನಿಗೂ ಮೆಕ್ಯಾನಿಕನಿಗೂ ಕೈ ಕೈ ಹತ್ತುವುದೊಂದು ಬಾಕಿ. ಚಹಾ ಮೂರು ಸಲ ಬಂತು. ಚಿಕ್ಕೇರೂರ ಕಡೆಯ ವಸ್ತಿ ಬಸ್ಸು ಅತ್ತೆಯ ಕ್ರಾಸಿಗೆ ಆರೂ ನಲವತ್ತಕ್ಕೆ ಎಂದು ನಾನು ಹೇಳಿದಾಗ ಮಾತ್ರ ಯಾರೂ ತಕರಾರು ತೆಗೆಯಲಿಲ್ಲ. ಆ ವೇಳೆ ನನ್ನ ರಕ್ತದಲ್ಲೇ ಇತ್ತು. ಪಟ್ಟಿಯನ್ನು ನಾನೇ ದುಂಡಗೆ ಬರೆದೆ. ಬಸ್ ಸ್ಟ್ಯಾಂಡು ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ಅಲ್ಲಿ ಹೋಗಿ ಬೋರ್ಡು ನೋಡಿ ಬರೋಣ ಎಂದು ನಾಲ್ವರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ಬೋರ್ಡು ನೋಡುವುದು ಪ್ರಯಾಣಿಕರ ಕೆಲಸ ಎಂಬ ಜಂಬ.

ಮೊದಲ ಪತ್ರಿಕೆಯನ್ನು ದೇವರ ಮುಂದಿಟ್ಟು, ಎರಡನೆಯದನ್ನು ಹಿಡಿದು ಮಗಳ ಜೊತೆ ಅತ್ತೆಯ ಊರಿಗೆ ಹೋದೆ. ಮೋಟಾರ್ ಸೈಕಲ್ಲಿನ ಮೇಲೆ ದಾರಿಯುದ್ದಕ್ಕೂ ಏನು ಮಾತಾಡಬೇಕೆಂದು ಮನಸ್ಸಿನಲ್ಲೇ ಪಾಠ ಮಾಡಿಕೊಂಡೆ. ಅಲ್ಲಿ ಹೋದಾಗ ಒಂದೂ ನೆನಪಿಗೆ ಬರಲಿಲ್ಲ. ಮಗಳು ಕುಂಕುಮ ಹಚ್ಚಿ ಕಾಲಿಗೆ ಬಿದ್ದು, ಆಯಿ, ನೀನು ಬಂದು ಮೊದಲ ಅಕ್ಕಿಕಾಳು ಹಾಕಬೇಕು ಎಂದಳು. ಅತ್ತೆ ಪತ್ರಿಕೆಯನ್ನು ಹಿಂದೆ ಮುಂದೆ ತಿರುವಿ ನೋಡಿದಳು. ಅವಳಿಗೆ ಓದಲು ಬರುವುದಿಲ್ಲ. ಹಿಂದೆ ಇಷ್ಟುದ್ದ ಏನು ಬರೆದಿದ್ದೀರಿ ಎಂದು ಕೇಳಿದಳು. ಬಸ್ಸಿನ ಪಟ್ಟಿ ಎಂದೆ. ಅವಳು ನನ್ನ ಕಡೆ ನೋಡದೆ ಕೇಳಿದಳು.

"ನಮ್ಮ ಕ್ರಾಸಿಗೆ ಎಷ್ಟಕ್ಕ ಬರತೈತಿ?"

"ಆರೂ ನಲವತ್ತಕ್ಕ, ಅತ್ತಿ."

ಅವಳ ಮಗ, ಅಂದರೆ ನನ್ನ ಭಾವಮೈದುನ, ಮದುವೆಯ ಹಿಂದಿನ ದಿನವೇ ಎಲ್ಲರೂ ನನ್ನ ಕಾರಿನಲ್ಲಿ ಹೋಗೋಣ ಎಂದ. ಅತ್ತೆ ಒಪ್ಪಲಿಲ್ಲ. ನೀವು ಹೋಗಿರಿ, ನಾನು ಎಮ್ಮೆ ಹಿಂಡಿ ಬೆಳಗಿನ ಬಸ್ಸಿಗೆ ಬರುತ್ತೇನೆ ಎಂದಳು. ಬರುತ್ತೇನೆ ಎಂಬ ಒಂದು ಮಾತು ಕಿವಿಗೆ ಬಿದ್ದ ಮೇಲೆ ಉಳಿದದ್ದು ನನಗೆ ಕೇಳಿಸಲೇ ಇಲ್ಲ. ತಿರುಗಿ ಬರುವಾಗ ಗಾಡಿ ಓಡಿಸುತ್ತಾ ನಾನು ಹಾಡು ಹೇಳುತ್ತಿದ್ದೆನಂತೆ. ಮಗಳು ಹಿಂದಿನಿಂದ ಬೆನ್ನಿಗೆ ಗುದ್ದಿ ಸುಮ್ಮನಾಗಿಸಿದಳು.

ಮದುವೆಯ ಹಿಂದಿನ ದಿನ ನಮ್ಮ ಅಂಗಳವನ್ನು ನೋಡಬೇಕಿತ್ತು. ಮೆಕ್ಯಾನಿಕ್ ಬಿದಿರು, ಹಗ್ಗ, ತೆಂಗಿನ ಗರಿ, ಮಾವಿನ ತೊಪ್ಪಲು ಎಲ್ಲ ಸೇರಿಸಿ ಹಂದರ ಎಬ್ಬಿಸಿದ್ದ. ಎಲ್ಲಿಯೂ ಒಂದು ಮೊಳೆ ಹೊಡೆದಿರಲಿಲ್ಲ, ಎಲ್ಲವನ್ನೂ ಟ್ಯೂಬಿನ ರಬ್ಬರಿನಿಂದ ಬಿಗಿದಿದ್ದ. ಅದರ ಕಂಬ ಹಿಡಿದು ಅಲುಗಾಡಿಸಿ ನೋಡಿ ಎಂದು ಬಂದವರಿಗೆಲ್ಲ ಗಂಟು ಬೀಳುತ್ತಿದ್ದ. ಕ್ಯಾಂಟೀನಿನವನು ಹಿತ್ತಲಲ್ಲಿ ಒಲೆ ಹೂಡಿ, ಹುಗ್ಗಿಗೆ ಗೋಧಿ ಕುಟ್ಟುವ ಹೆಂಗಸರನ್ನು ಇನ್ನೂ ಎರಡು ಪೆಟ್ಟು, ಇನ್ನೂ ಎರಡು ಪೆಟ್ಟು ಎಂದು ಸತಾಯಿಸಿದ, ಕೊನೆಗೆ ಒನಕೆ ಅವನ ಕೈಗೇ ಬಂತು. ಓಣಿಯಲ್ಲಿ ಎಲ್ಲ ಮನೆಗಳಿಂದಲೂ ರೊಟ್ಟಿ ಬಡಿಯುವ ಸದ್ದು. ಮಗಳ ಆಸ್ಪತ್ರೆಯ ಗೆಳತಿಯರು ಬಂದು ಹೂವಿನ ಸರ ಕಟ್ಟುತ್ತಾ, ಗಂಟು ಹಾಕಲು ನಮಗೆ ಚೆನ್ನಾಗಿ ಬರುತ್ತದೆ, ದಿನಾ ಹೊಲಿಗೆ ಹಾಕುವವರು ನಾವು ಎಂದು ನಗುತ್ತಿದ್ದರು. ಡ್ರೈವರನ ಹೆಂಡತಿ ಮಗಳ ಅಂಗೈ ತುಂಬ ಮದರಂಗಿ ಹಾಕಿದಳು. ನಾನು ಚಾರ್ಟು ಹಿಡಿದು ಎಲ್ಲ ಕಡೆ ತಿರುಗಿದೆ. ಯಾರೂ ನನ್ನ ಮಾತು ಕೇಳುತ್ತಿರಲಿಲ್ಲ, ಕೆಲಸ ಮಾತ್ರ ಸರಿಯಾಗಿ ನಡೆದಿತ್ತು. ಇಷ್ಟು ಮಂದಿ ನಮ್ಮವರೆಂದು ನನಗೆ ಅವತ್ತೇ ಗೊತ್ತಾಯಿತು. ಎದೆ ತುಂಬಿ ಬಂದು ಎರಡು ಸಲ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ.

ಭಾವಮೈದುನ ಹೆಂಡತಿ ಮಕ್ಕಳೊಂದಿಗೆ ಸಂಜೆಯೇ ಬಂದ. ಅತ್ತೆ ಅಕ್ಕಿ ಆರಿಸಿ ಚೀಲಕ್ಕೆ ಹಾಕಿ ಕಟ್ಟಿಟ್ಟಿದ್ದಾಳೆ ಎಂದು ಹೇಳಿದ.

ಮದುವೆಯ ಬೆಳಗ್ಗೆ ಗಂಡಿನ ಕಡೆಯವರು ಶಿಗ್ಗಾಂವಿಯಿಂದ ಒಂದು ಮಿನಿ ಬಸ್ಸು ಮಾಡಿಕೊಂಡು ಎಂಟಕ್ಕೇ ಬಂದಿಳಿದರು. ಅಕ್ಕಿಕಾಳು ಹತ್ತೂ ನಲವತ್ತಕ್ಕೆ. ವಸ್ತಿ ಬಸ್ಸು ಹಾನಗಲ್ಲಿಗೆ ಎಂಟಕ್ಕೆ ಮುಟ್ಟುತ್ತದೆ, ಅತ್ತೆಯನ್ನು ಕರೆತರಲು ಮೆಕ್ಯಾನಿಕನನ್ನು ಸ್ಟ್ಯಾಂಡಿಗೆ ಕಳಿಸಿದ್ದೆ. ನಾನು ಹೊಸ ಧೋತರ ಉಟ್ಟು, ರುಮಾಲು ಸುತ್ತಿಸಿಕೊಂಡು, ಬೀಗರಿಗೆ ಉಪ್ಪಿಟ್ಟು ಬಡಿಸುವಲ್ಲಿ ಗಡಬಡಿಸುತ್ತಿದ್ದಾಗ ಮೆಕ್ಯಾನಿಕ್ ಒಬ್ಬನೇ ಬಂದ. ಮುಖ ಸಣ್ಣದಾಗಿತ್ತು. ನನ್ನನ್ನು ಗಿಡದ ಬದಿಗೆ ಕರೆದು ಹೇಳಿದ. ಆ ವಸ್ತಿ ಈಗ ಆ ದಾರಿಗೆ ಇಲ್ಲವಂತೆ. ಹೋದ ವರ್ಷವೇ ಬೇರೆ ಹಳ್ಳಿಗೆ ಹಾಕಿದ್ದಾರಂತೆ. ಅದರ ಬೆನ್ನಿಗೆ ಬರುತ್ತಿದ್ದ ಬಸ್ಸೂ ನಿಂತುಹೋಗಿದೆ, ಇನ್ನು ಆ ಕ್ರಾಸಿಗೆ ಬಸ್ಸು ಹನ್ನೊಂದಕ್ಕಂತೆ. ಸ್ಟ್ಯಾಂಡಿನ ಕಂಟ್ರೋಲರ್ ನಮ್ಮ ಲಗ್ನಪತ್ರಿಕೆ ನೋಡಿ, ಈ ಪಟ್ಟಿಯಲ್ಲಿ ಅರ್ಧದಷ್ಟು ಬಸ್ಸು ಈಗ ಇಲ್ಲ ಎಂದು ನಕ್ಕನಂತೆ.

ನನ್ನ ಕೈಯಲ್ಲಿದ್ದ ಉಪ್ಪಿಟ್ಟಿನ ಬುಟ್ಟಿ ಕೆಳಗಿಟ್ಟೆ. ಸವಣೂರಿನವರು, ರಟ್ಟೀಹಳ್ಳಿಯವರು ಎಲ್ಲ ಆಗಲೇ ಬಂದು ಕೂತಿದ್ದರು. ಕೆಲವರು ತಮ್ಮ ಗಾಡಿಯಲ್ಲಿ, ಕೆಲವರು ಫೋನಿನಲ್ಲಿ ನೋಡಿಕೊಂಡು. ನನ್ನ ಪಟ್ಟಿಯನ್ನು ನಂಬಿದವಳು ಇಡೀ ಬಳಗದಲ್ಲಿ ಒಬ್ಬಳೇ. ಮತ್ತೆ ಅದೇ ಕ್ರಾಸು, ಮತ್ತೆ ಅವಳೇ, ನಿಲ್ಲು ಎಂದು ಹೇಳಿದವನೂ ಮತ್ತೆ ನಾನೇ. ಫೋನು ಹಚ್ಚಿದರೆ ಅದು ಅವಳ ಮನೆಯ ಗೂಡಿನಲ್ಲೇ ಬಡಿದುಕೊಳ್ಳುತ್ತಿರಬೇಕು, ಯಾರೂ ಎತ್ತಲಿಲ್ಲ.

ಭಾವಮೈದುನ ಕಾರಿನ ಕೀಲಿ ತೆಗೆದ. ಕಾರು ಹಂದರದ ಆಚೆ ನೀರಿನ ಟ್ಯಾಂಕರಿನ ಹಿಂದೆ ಸಿಕ್ಕಿಬಿದ್ದಿತ್ತು. ಅಷ್ಟರಲ್ಲಿ ರಸ್ತೆಯ ಮೇಲೆ ಹಾರ್ನು ಕೇಳಿಸಿತು. ನನ್ನ ಡ್ರೈವರ್ ಬೀಗರ ಮಿನಿ ಬಸ್ಸಿನ ಸ್ಟಿಯರಿಂಗ್ ಮುಂದೆ ಕೂತಿದ್ದ. ಅವನಿಗೆ ಯಾರು ಹೇಳಿದರೋ ಗೊತ್ತಿಲ್ಲ. ಬೀಗರ ಒಪ್ಪಿಗೆಯನ್ನೂ ತೆಗೆದುಕೊಂಡಿದ್ದ. ನಾನು ಓಡಿ ಹೋಗಿ ಬಾಗಿಲಿಗೆ ಕಾಲಿಡುವಾಗ ಮಗಳು ಅರಿಷಿಣದ ಸೀರೆಯಲ್ಲೇ ಹೊರಗೆ ಬಂದಳು. ಯಾರೋ ಅವಳಿಗೆ ಹೇಳಿಬಿಟ್ಟಿದ್ದರು. ಅವಳು ಅಳಲಿಲ್ಲ, ಬೈಯಲೂ ಇಲ್ಲ.

"ಅಪ್ಪಾ, ಆಯಿನ್ನ ಕರಕೊಂಡ ಬಾ. ಎಷ್ಟ ತಡಾ ಆದ್ರೂ ನಾ ಕುಂತಿರ್ತೇನಿ."

ಡ್ರೈವರ್ ತಿಳವಳ್ಳಿಯ ದಾರಿ ಹಿಡಿದ. ಖಾಲಿ ಸೀಟುಗಳಿದ್ದರೂ ನಾನು ಬಾಗಿಲಲ್ಲೇ ನಿಂತಿದ್ದೆ. ದಾರಿಯಲ್ಲಿ ಜನ ಬಸ್ಸೆಂದು ಕೈ ಮಾಡಿದರು. ಒಂದು ಸ್ಟಾಪಿನಲ್ಲಿ ನನ್ನ ಗುರುತಿನ ಮುದುಕನೊಬ್ಬ ರುಮಾಲು ಸುತ್ತಿ ಬಾಗಿಲಲ್ಲಿ ನಿಂತ ನನ್ನನ್ನು ಕಂಡು, ಮತ್ತೆ ನೌಕರಿಗೆ ಸೇರಿದೆಯೇನೋ ಎಂದು ಕೂಗಿದ. ಆ ಸ್ಥಿತಿಯಲ್ಲೂ ನಮ್ಮಿಬ್ಬರಿಗೂ ನಗು ಬಂತು. ನಗು ನಿಂತ ಮೇಲೆ ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡುತ್ತಾ ಹೇಳಿದ.

"ಅವತ್ತ ನಾನೂ ನೋಡಬೇಕಾಗಿತ್ತ ದೋಸ್ತ. ಎಡಗಡಿ ಕನ್ನಡಿ ನನ್ನ ಕಣ್ಣ ಮುಂದ ಇತ್ತಲ್ಲ. ನಿನ್ನೊಬ್ಬಂದ ತಪ್ಪಲ್ಲ ಅದು."

ಹತ್ತು ವರ್ಷದಲ್ಲಿ ಅವನು ಆ ಮಾತು ಎತ್ತಿದ್ದು ಅದೇ ಮೊದಲು. ನಾನು ಅವನ ಹೆಗಲ ಮೇಲೆ ಕೈ ಇಟ್ಟೆ, ಅವನು ಗೇರು ಬದಲಿಸಿದ.

ಚಿಕ್ಕೇರೂರು ದಾಟಿದ ಮೇಲೆ ನನ್ನ ಕಣ್ಣು ರಸ್ತೆಯ ಎಡಕ್ಕೇ. ಅವಳು ಮನೆಗೆ ಹೋಗಿರುತ್ತಾಳೆ, ಹೋಗಿ ಬಾಗಿಲು ಹಾಕಿಕೊಂಡಿರುತ್ತಾಳೆ, ಇನ್ನು ಈ ಜನ್ಮದಲ್ಲಿ ತೆಗೆಯುವುದಿಲ್ಲ ಎಂದು ನಾನು ನಿಶ್ಚಯ ಮಾಡಿಕೊಂಡಾಗಿತ್ತು. ತಿರುವು ಮುಗಿದು ಕ್ರಾಸು ಕಂಡಿತು. ಬೇವಿನ ಗಿಡದ ಕೆಳಗೆ ಹಸಿರು ಇಳಕಲ್ ಸೀರೆ. ಎದೆಗವಚಿ ಹಿಡಿದ ಬಿಳಿ ಚೀಲ. ಅತ್ತೆ ಕೂತಿರಲಿಲ್ಲ, ನಿಂತಿದ್ದಳು. ಗಂಟೆ ಒಂಬತ್ತೂ ಇಪ್ಪತ್ತು. ಸುಮಾರು ಮೂರು ತಾಸು.

ಕಿಸೆಗೆ ಕೈ ಹೋದದ್ದು ನನಗೆ ಗೊತ್ತಿಲ್ಲ. ಸೀಟಿ ಬಾಯಲ್ಲಿತ್ತು. ಒಂದು ಸೀಟಿ ಹೊಡೆದೆ, ಉಸಿರು ಮುಗಿಯುವತನಕ. ಬಸ್ಸು ಸರಿಯಾಗಿ ಅವಳ ಮುಂದೆ ಬಂದು ನಿಂತಿತು.

ನಾನು ಇಳಿದು ಅವಳ ಕಾಲು ಮುಟ್ಟಿದೆ. ತಪ್ಪಾಯಿತು ಎಂದೆ. ಹಳೆಯ ವೇಳೆ ಬರೆದುಬಿಟ್ಟೆ, ಆ ಬಸ್ಸು ಈಗ ಇಲ್ಲ ಎಂದೆ. ಇಲ್ಲ ಎಂಬುದು ಅವಳಿಗೆ ಏಳು ಗಂಟೆಗೇ ಗೊತ್ತಾಗಿತ್ತು. ಹೊಲಕ್ಕೆ ಹೋಗುವವರು ಹೇಳಿದ್ದರು. ಗಾಡಿಯ ಮೇಲೆ ಬಂದ ಒಬ್ಬ ಹುಡುಗ ಹಿಂದೆ ಕೂಡು, ಚಿಕ್ಕೇರೂರಿಗೆ ಬಿಡುತ್ತೇನೆ, ಅಲ್ಲಿಂದ ಏನಾದರೂ ಸಿಗುತ್ತದೆ ಎಂದಿದ್ದನಂತೆ. ಮತ್ತೆ ಯಾಕೆ ಹೋಗಲಿಲ್ಲ, ಮನೆಗಾದರೂ ಹೋಗಿ ಕೂಡಬಾರದಿತ್ತೇ ಎಂದು ಕೇಳಿದೆ. ಅತ್ತೆ ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು.

"ಅವತ್ತ ಹೋಗಿದ್ನಲ್ಲೋ ತಮ್ಮಾ. ನೀ ಬಿಟ್ಟ ಹೋದಿ ಅಂತ ಸಿಟ್ಟ ಬಂದು ಮನಿಗೆ ಹೋಗಿ ಮಲಗಿದೆ. ಹಿಂದಿನ ಬಸ್ ಬಂದು ಖಾಲಿ ಹೋತು. ಒಂದು ತಾಸು ನಿಂತಿದ್ರ ಮಗಳ ಮಾರಿ ನೋಡತಿದ್ದೆ." ಅವಳ ಕಣ್ಣು ನನ್ನ ಮೇಲೇ ಇತ್ತು. "ಆ ಮಾತ ನಿನ್ನ ಮುಂದ ಹ್ಯಾಂಗ ಹೇಳ್ಲಿ? ಅದಕ್ಕ ನಿನ್ನ ಮನಿಗೆ ಬರಾಕ ಮಾರಿ ಇದ್ದಿಲ್ಲ ನನಗ. ಇವತ್ತ ಸಂಜಿತನಕ ಆದ್ರೂ ನಿಂದರತಿದ್ದೆ."

ಹತ್ತು ವರ್ಷ ಅವಳು ನನ್ನ ಮೇಲೆ ಸಿಟ್ಟಾಗಿದ್ದಾಳೆಂದು ನಾನು ತಿಳಿದಿದ್ದೆ. ನನ್ನ ಮುಖ ನೋಡಲು ನಾಚಿ ಅವಳು ದೂರ ಇದ್ದಳು, ಅವಳ ಮುಖ ನೋಡಲು ಅಂಜಿ ನಾನು ಕೇಳದೆ ಉಳಿದಿದ್ದೆ. ಮೂವತ್ತು ವರ್ಷ ಲಕ್ಷಗಟ್ಟಲೆ ಜನರ ಜೊತೆ ಮಾತಾಡಿದ ಬಾಯಿ ಇದು, ಅತ್ತೆಯ ಮುಂದೆ ಒಂದು ಮಾತು ಕೇಳಲು ಬರಲಿಲ್ಲ. ನಾನು ರಸ್ತೆಯ ಬದಿಯಲ್ಲೇ ನಿಂತು ಅತ್ತುಬಿಟ್ಟೆ. ರುಮಾಲು ಸುತ್ತಿದ ಗಂಡಸು ಅಳುವುದನ್ನು ನೋಡಿ ಅತ್ತೆಗೆ ಒಳ್ಳೆಯ ಸಿಟ್ಟು ಬಂತು. ಅಕ್ಕಿಕಾಳಿನ ಹೊತ್ತು ಮೀರುತ್ತದೆ, ಬಸ್ಸು ಹತ್ತು ಎಂದು ಗದರಿಸಿದಳು. ಅದು ನಾನು ಸಣ್ಣವನಿದ್ದಾಗ ಕೇಳುತ್ತಿದ್ದ ದನಿಯೇ.

ಅವಳ ಕೈ ಹಿಡಿದು ಹತ್ತಿಸಿದೆ. ಎಡಗಡೆಯ ಮೊದಲ ಸೀಟಿನಲ್ಲಿ ಅವಳು ಸೆರಗು ಸರಿಮಾಡಿಕೊಂಡು, ಅಕ್ಕಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಮುಂದಿನ ಸರಳನ್ನು ಗಟ್ಟಿಯಾಗಿ ಹಿಡಿದು ಕೂತಳು. ಅವಳು ಕೂತದ್ದನ್ನು ಕಣ್ಣಾರೆ ನೋಡಿದೆ. ಆಮೇಲೆ ಎರಡು ಸೀಟಿ ಹೊಡೆದೆ.

ದಾರಿಯಲ್ಲಿ ಕುರಿಹಿಂಡು ಅಡ್ಡ ಬಂತು, ತಿಳವಳ್ಳಿಯಲ್ಲಿ ಸಂತೆಯ ಗಾಡಿಗಳು ಅಡ್ಡ ನಿಂತವು. ಡ್ರೈವರ್ ಹಾರ್ನಿನ ಮೇಲಿನ ಕೈ ತೆಗೆಯಲಿಲ್ಲ. ಹತ್ತೂ ಮೂವತ್ತೈದಕ್ಕೆ ನಮ್ಮ ಓಣಿಗೆ ತಿರುಗಿದೆವು. ಹಂದರದ ಕೆಳಗಿನ ಅಷ್ಟೂ ಮಂದಿ ಎದ್ದು ನಿಂತರು. ಅತ್ತೆ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು, ಗೋಡೆಯ ಮೇಲಿನ ತನ್ನ ಮಗಳ ಫೋಟೋವನ್ನು ನೋಡಿ, ಬಲಗಾಲಿಟ್ಟು ಒಳಗೆ ಬಂದಳು. ಚೀಲ ಬಿಚ್ಚಿ ಅಕ್ಕಿಗೆ ಅರಿಷಿಣ ಕಲಸಿದಳು. ತಾಳಿ ಕಟ್ಟುವಾಗ ಮೊದಲ ಹಿಡಿ ಅವಳದೇ. ಅವಳ ಕೈ ಮೇಲೆ ಹೋದದ್ದನ್ನು ನೋಡಿದ ಮೇಲೆಯೇ ಮಗಳು ಕೊರಳು ಬಗ್ಗಿಸಿದಳು.

ಊಟ ನಾಲ್ಕು ಪಂಕ್ತಿ ಆಯಿತು, ಹುಗ್ಗಿ ಕೊನೆಯವರಿಗೂ ಬಿಸಿಯಾಗಿತ್ತು. ಬಂದವರು ಸಂಜೆಯತನಕ ಗಿಡದ ಕೆಳಗೆ ಸವಣೂರಿನ ಎಲೆ ಮೆಲ್ಲುತ್ತಾ ಕೂತಿದ್ದರು. ಹೆಣ್ಣು ಒಪ್ಪಿಸುವ ಹೊತ್ತು ಬಂದಾಗ ಅಳುವವರೆಲ್ಲ ಅತ್ತರು, ನಾನು ಬೆಳಗ್ಗೆಯೇ ನನ್ನ ಪಾಲಿನದನ್ನು ಮುಗಿಸಿದ್ದೆ. ಎಲ್ಲರೂ ಹೋದ ಮೇಲೆ ಅತ್ತೆ ಕಟ್ಟೆಯ ಮೇಲೆ ಕಾಲು ಚಾಚಿ ಕೂತಳು. ಎಮ್ಮೆಯನ್ನು ಮಗ ಹಿಂಡುತ್ತಾನೆ, ನಾನು ಎಂಟು ದಿನ ಇಲ್ಲೇ ಇರುತ್ತೇನೆ ಎಂದಳು. ಎಂಟು ದಿನ ಬಿಟ್ಟು ಯಾವ ಬಸ್ಸಿಗೆ ಹೋಗಬೇಕೋ ಹೇಳು ಎಂದಳು. ನಾನು ಹೇಳಲು ಬಾಯಿ ತೆರೆದೆ.

"ಹಂಗಲ್ಲ. ಬೋರ್ಡ ನೋಡಿ ಬಂದು ಹೇಳು."

ನಾನು ಚಪ್ಪಲಿ ಮೆಟ್ಟಿಕೊಂಡು ಸ್ಟ್ಯಾಂಡಿಗೆ ಹೊರಟೆ.